ಹಿಂದಿನ ಟೈರು

ಫೆಬ್ರುವರಿ ೯

ತಮ್ಮನಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ನಿನ್ನನ್ನು ಹಿಡಿಯುವುದು ನನ್ನಿಂದ ಆಗದ ಕೆಲಸ. ಗಾಳಿ ತುಂಬುವ ಯಂತ್ರದ ಸದ್ದಿನ ನಡುವೆ "ಅಕ್ಕಾ, ಗಿರಾಕಿ ಇದ್ದಾರೆ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ ಆಮೇಲೆ ಇದುವರೆಗೂ ಬಂದಿಲ್ಲ. ಅದಕ್ಕೇ ಕಾಗದ. ಇದಕ್ಕೆ ಗಿರಾಕಿಗಳ ಕಾಟ ಇಲ್ಲ. ಬಿಡುವಾದಾಗ ಓದು, ಆದರೆ ಉತ್ತರ ಬರೆ.

ಸುದ್ದಿ ಏನೆಂದರೆ, ನಿನ್ನ ಭಾವ ಮತ್ತೆ ಬೈಕ್ ಹತ್ತುತ್ತಾರಂತೆ.

ನಾನೂ ಮೊದಲು ಬಾಯಿ ಬಿಟ್ಟುಕೊಂಡು ನಿಂತೆ. ಬಿದ್ದು ಒಂದು ವರ್ಷ ನಾಲ್ಕು ತಿಂಗಳಾಯಿತು. ಬಲಮಂಡಿ ಈಗಲೂ ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಮೆಟ್ಟಿಲು ಇಳಿಯುವಾಗ ಮಗುವಿನ ಹಾಗೆ ಒಂದೊಂದೇ ಹೆಜ್ಜೆ. ಆದರೂ ಮೊನ್ನೆ ಡಾಕ್ಟರು "ಇನ್ನು ಓಡಿಸಬಹುದು, ಹುಷಾರಾಗಿ" ಎಂದದ್ದೇ ತಡ, ಶೆಡ್ಡಿನ ಬಾಗಿಲು ತೆಗೆದು ಬೈಕಿನ ಮೇಲೆ ಹೊದಿಸಿದ್ದ ಹಳೆಯ ಬೆಡ್‌ಶೀಟನ್ನು ಒಗೆಯಲು ತಂದುಹಾಕಿದರು. ನೀನು ಅದನ್ನು ರಿಪೇರಿ ಮಾಡಿ ಕಳಿಸುವಾಗ, ತಳ್ಳಿಕೊಂಡು ಓಡಾಡಲು ಸಾಕು ಎಂದು ಸವೆದ ಟೈರುಗಳನ್ನು ಹಾಕಿದ್ದೆಯಲ್ಲ, ಅವೇ ಇವೆ. ಈಗ ಎರಡೂ ಹೊಸದಾಗಬೇಕು.

ನಿನಗೆ ಅವರ ಸ್ವಭಾವ ಗೊತ್ತಲ್ಲ. ಚಪ್ಪಲಿ ಕೊಳ್ಳುವುದಕ್ಕೂ ಮೂರು ಅಂಗಡಿ ಸುತ್ತುವವರು. ಮೇಜಿನ ಮೇಲೆ ರಿಪೇರಿಗೆ ಬಂದ ತಕ್ಕಡಿಗಳ ಸ್ಪ್ರಿಂಗು, ಮುಳ್ಳುಗಳನ್ನೆಲ್ಲ ಒತ್ತರಿಸಿ ಟೈರು ಕಂಪನಿಗಳ ಕರಪತ್ರ ಹರಡಿಕೊಂಡಿದ್ದಾರೆ. ಒಂದು ಜಾತಿ ಗಟ್ಟಿ ರಬ್ಬರಿನದಂತೆ, ಬಹಳ ಕಾಲ ಬರುತ್ತದೆ, ಒದ್ದೆ ರಸ್ತೆಯಲ್ಲಿ ಮಾತ್ರ ಹಿಡಿತ ಸಾಲದು. ಇನ್ನೊಂದು ಮೆತ್ತನೆಯದು, ಹಿಡಿತ ಚೆನ್ನಾಗಿದೆ, ಬೇಗ ಸವೆಯುತ್ತದೆ. ಮೂರನೆಯದು ನಡುವೆ ಗಟ್ಟಿ, ಅಂಚಿನಲ್ಲಿ ಮೆತ್ತಗೆ. "ಬಾಳಿಕೆ ಬೇಕಾ, ಹಿಡಿತ ಬೇಕಾ?" ಎಂದು ನನ್ನನ್ನೇ ಕೇಳಿದರು. "ನಂಗೆ ಗಂಡ ಬೇಕು" ಅಂದೆ. ನಕ್ಕರು. ಎಷ್ಟೋ ದಿನದ ಮೇಲೆ ಹಾಗೆ ನಕ್ಕದ್ದು.

ಜೋರಾಗಿ ಓಡಿಸಿಯೇ ಬಿದ್ದರು ಎಂದು ಎಲ್ಲರೂ ಆಡಿಕೊಂಡರಲ್ಲ, ಪಕ್ಕದ ಮನೆಯ ಟೈಲರು ಈಗಲೂ ಅವರನ್ನು "ಏನ್ ರಾಕೆಟ್ ಸಾಹೇಬ್ರೇ" ಎಂದೇ ಕರೆಯುವುದು. ಮೊದಮೊದಲು "ಐವತ್ತರಲ್ಲಿದ್ದೆ ಮಾರಾಯ್ರೆ" ಎಂದು ವಾದ ಹೂಡುತ್ತಿದ್ದರು. ಈಗ "ಹೌದು, ಸ್ವಲ್ಪ ಜೋರಾಗೇ ಹೋಗ್ತಿದ್ನೇನೋ" ಅನ್ನುತ್ತಾರೆ. ತಪ್ಪು ಒಪ್ಪಿಕೊಂಡರಲ್ಲ, ಅಷ್ಟಾದರೂ ಆಯಿತು ಎಂದು ನಾನೂ ಸಮಾಧಾನ ಮಾಡಿಕೊಂಡಿದ್ದೇನೆ.

ಟೈರು ನೀನೇ ಆರಿಸಬೇಕು, ನೀನೇ ಹಾಕಿಕೊಡಬೇಕು ಎಂಬುದು ಅವರ ಹಟ. ಹೋದ ಸಲ, ಬೀಳುವ ಮುಂಚೆ, ಹಿಂದಿನ ಟೈರನ್ನು ಕಾಸು ಕೂಡ ಮುಟ್ಟದೆ ಹಾಕಿಕೊಟ್ಟೆಯಲ್ಲ, ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾರೆ. ಯಾವಾಗ ಬರಲಿ, ತಿಳಿಸು.

ನಿನ್ನ ಅಕ್ಕ


ಮಾರ್ಚ್ ೨

ಅಕ್ಕನಿಗೆ,

ಉತ್ತರ ತಡವಾಯಿತು. ಕೆಲಸ ಹೆಚ್ಚು.

ಭಾವನಿಗೆ ಮೂರನೆಯ ಜಾತಿಯ ಟೈರು ಸರಿ. ಅಳತೆ ಹಳೆಯ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ, ಅದನ್ನು ಬದಲಾಯಿಸಬಾರದು. ಹಿಂದೆ ತೂಕದ ಬಟ್ಟುಗಳ ಪೆಟ್ಟಿಗೆ ಕಟ್ಟುವುದರಿಂದ ಎಷ್ಟು ಭಾರ ತಡೆಯುತ್ತದೆ ಎಂದು ಕೇಳಿ ತೆಗೆದುಕೊಳ್ಳಬೇಕು. ಮುಂದಿನದೂ ಹಿಂದಿನದೂ ಒಂದೇ ಕಂಪನಿಯದಾಗಿರಲಿ. ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ ನೂರು ಕಿಲೋಮೀಟರು ನಿಧಾನವಾಗಿ ಓಡಿಸಿ ಅದನ್ನು ಕಳೆಯಬೇಕು. ವಾರಕ್ಕೊಮ್ಮೆ ಗಾಳಿ ನೋಡಬೇಕು.

ಇಷ್ಟಕ್ಕಾಗಿ ಅರವತ್ತು ಕಿಲೋಮೀಟರು ಬರುವುದು ಬೇಡ. ಸವೆದ ಟೈರಿನಲ್ಲಿ ಬರುವುದಂತೂ ಬೇಡವೇ ಬೇಡ. ನಿಮ್ಮಲ್ಲೇ ಒಳ್ಳೆಯ ಅಂಗಡಿಗಳಿವೆ. ಅಲ್ಲೇ ಹಾಕಿಸಲಿ.

ಹೋದ ಸಲದ ಮಾತನ್ನು ಎಲ್ಲರಿಗೂ ಹೇಳುವುದು ಬೇಡ ಎಂದು ಭಾವನಿಗೆ ಹೇಳು.

ತಮ್ಮ


ಮಾರ್ಚ್ ೧೧

ತಮ್ಮನಿಗೆ,

ಇದನ್ನು ಬರೆದದ್ದು ನನ್ನ ತಮ್ಮನೋ, ಅಥವಾ ಅಂಗಡಿ ಗೋಡೆಯ ಬೋರ್ಡನ್ನೇ ಯಾರೋ ಕಿತ್ತು ಅಂಚೆಗೆ ಹಾಕಿದರೋ ಎಂದು ಎರಡೆರಡು ಸಲ ಓದಿದೆ. ಭಾವನ ಮಂಡಿ ಹೇಗಿದೆ ಎಂದು ಒಂದು ಮಾತು ಬೇಡವೇ? ನಿನ್ನ ಮೇಲೆ ನಾನು ಮುನಿಸಿಕೊಂಡಿದ್ದೇನೆ. ಅವರು ಮುನಿಸಿಕೊಂಡಿಲ್ಲ. "ಅವನಿಗೆ ಏನೋ ತಾಪತ್ರಯ ಇರ್ಬೇಕು, ಬಿಡು" ಎಂದು ನನಗೇ ಸಮಾಧಾನ ಹೇಳಿದರು.

ನಿನ್ನ ಮಾತಿನಂತೆ ಇಲ್ಲಿಯ ಅಂಗಡಿಗಳಿಗೆ ಹೋಗಿ ನೋಡಿ ಬಂದರು. ಅಲ್ಲೊಬ್ಬರು ಅವರಿಗೆ ಹೊಸ ವಿಷಯ ಹೇಳಿಕೊಟ್ಟಿದ್ದಾರೆ. ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರಂತೆ. ಮೊದಲ ಎರಡು ಯಾವ ವಾರ ತಯಾರಾಯಿತು ಎಂದು, ಕೊನೆಯ ಎರಡು ಯಾವ ವರ್ಷ ಎಂದು. ಬಳಸದೆ ಇಟ್ಟರೂ ರಬ್ಬರು ವರ್ಷ ಕಳೆದಂತೆ ಗಟ್ಟಿಯಾಗಿ ಹಿಡಿತ ಬಿಟ್ಟುಬಿಡುತ್ತದಂತೆ. ಅಳತೆಯ ವಿಷಯ ಅಂದರೆ ಇವರಿಗೆ ಹಬ್ಬವಲ್ಲವೇ! ಬೀದಿಯಲ್ಲಿ ನಿಂತ ಬೈಕುಗಳ ಟೈರನ್ನೆಲ್ಲ ಬಗ್ಗಿ ಬಗ್ಗಿ ಓದಿಕೊಂಡು ಮನೆಗೆ ಬಂದಿದ್ದಾರೆ.

ಊಟ ಮಾಡುತ್ತಾ "ಆ ಹಿಂದಿನ ಟೈರಿನ ಮೇಲೆ ಎಷ್ಟಿತ್ತೋ, ಅವನಿಗೆ ನೆನಪಿದೆಯಾ ಕೇಳು" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. "ಒಂದು ಸಲವೂ ರಸ್ತೆ ಕಾಣದ ಟೈರು ಅಂತ ಅವನು ನಿಮ್ಮೆದುರಿಗೇ ಹೇಳಿ ಹಾಕಿದ್ದು. ನೀವು ಜೋರಾಗಿ ಓಡಿಸಿದ್ದಕ್ಕೆ ಈಗ ಅವನ ಟೈರಿನ ಮೇಲೆ ಅನುಮಾನ ಪಡ್ತೀರಾ? ಹುಡುಗ ಪುಕ್ಕಟೆ ಕೊಟ್ಟಿದ್ದಕ್ಕೆ ಇದಾ ಮರ್ಯಾದೆ?" ಎಂದು ರೇಗಿಬಿಟ್ಟೆ. ಅವರು ತಲೆ ಎತ್ತಲಿಲ್ಲ. ಕೈ ತೊಳೆದು ಕರಪತ್ರಗಳನ್ನೆಲ್ಲ ಮಡಚಿ ಒಳಗಿಟ್ಟರು.

ಮರುದಿನ ಉಗ್ರಾಣದ ಮ್ಯಾನೇಜರಿಗೆ ಒಂದು ಕಾಗದ ಬರೆದರು. ಅಪಘಾತ ಆದ ಮೇಲೆ ಆ ಮನುಷ್ಯ "ಇಂಥ ಅವಸರದವರನ್ನ ತೂಕದ ಕೆಲಸಕ್ಕೆ ಹೇಗೆ ನಂಬೋದು" ಎಂದು ಇವರನ್ನು ಕರೆಯುವುದನ್ನೇ ನಿಲ್ಲಿಸಿದ್ದು ನಿನಗೆ ಗೊತ್ತು. ಕಾಗದದಲ್ಲಿ "ನನ್ನ ಅಜಾಗರೂಕತೆಯಿಂದ ಆದ ಅಪಘಾತಕ್ಕೆ ಕ್ಷಮೆ ಕೋರುತ್ತೇನೆ, ಇನ್ನು ಮುಂದೆ ಹಾಗಾಗದು, ದಯವಿಟ್ಟು ಮತ್ತೆ ಅವಕಾಶ ಕೊಡಿ" ಎಂದಿತ್ತು. ಇಪ್ಪತ್ತು ವರ್ಷ ಅವರ ತಕ್ಕಡಿಗಳನ್ನೆಲ್ಲ ಕೂದಲೆಳೆ ಆಚೀಚೆ ಆಗದ ಹಾಗೆ ನೋಡಿಕೊಂಡವರು! ನಾನೇ ಅದನ್ನು ಅಂಚೆಗೆ ಹಾಕಿ ಬಂದೆ.

ಆ ಅಂಕಿ ಎಷ್ಟಿತ್ತು ಬರೆದುಬಿಡು. ಅವರ ತಲೆಯಿಂದ ಆ ಹುಳ ಹೋಗಲಿ.

ಅಕ್ಕ


ಏಪ್ರಿಲ್ ೬

ಭಾವ,

ಈ ಕಾಗದ ನಿಮಗೆ. ಅಕ್ಕನ ಕಾಗದಕ್ಕೆ ಮೂರು ಸಲ ಉತ್ತರ ಬರೆದೆ. ಒಂದರಲ್ಲಿ ಅಂಕಿ ನೆನಪಿಲ್ಲ ಎಂದು ಬರೆದೆ. ಇನ್ನೊಂದರಲ್ಲಿ ಅಳಿಸಿಹೋಗಿತ್ತು ಎಂದು. ಮೂರನೆಯದರಲ್ಲಿ ಬೇರೊಂದು ಅಂಕಿಯನ್ನೇ ಬರೆದು, ಲಕೋಟೆ ಅಂಟಿಸಿ, ಅಂಚೆ ಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂದೆ.

ಅಂಕಿ ನನಗೆ ನೆನಪಿದೆ. ನಿಮಗೆ ಹಾಕಿದ ದಿನಕ್ಕೆ ಆ ಟೈರಿಗೆ ಒಂಬತ್ತು ವರ್ಷ ತುಂಬಿತ್ತು.

ಹಿಂದಿನ ಟೈರು ಸವೆದಿದೆ ಎಂದು ನೀವು ಫೋನ್ ಮಾಡಿದಾಗ "ಬನ್ನಿ ಭಾವ, ನನ್ನತ್ರ ಎಲ್ಲಾ ಇದೆ" ಎಂದಿದ್ದೆ. ಸ್ಟಾಕು ನೋಡದೆ ಹೇಳಿದ್ದು. ನೀವು ಬರುವ ಹೊತ್ತಿಗೆ ನಿಮ್ಮ ಅಳತೆಯ ಹೊಸದು ಇರಲಿಲ್ಲ. ನೀವು ಬಟ್ಟುಗಳ ಪೆಟ್ಟಿಗೆ ಇಳಿಸಿ, ಸ್ಟೂಲಿನ ಮೇಲೆ ಕೂತು, ಪಕ್ಕದಲ್ಲಿದ್ದ ಗಿರಾಕಿಗೆ "ಇವನು ನಮ್ಮ ಬಾಮೈದ. ಟೈರಿನ ವಿಷಯದಲ್ಲಿ ಇವನ ಮಾತೇ ಮಾತು" ಎಂದಿರಿ. ಅದನ್ನು ಕೇಳಿದ ಮೇಲೆ, ಇಲ್ಲ, ಎರಡು ದಿನ ಬಿಟ್ಟು ಬನ್ನಿ ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ಕಿಟಕಿಯ ಪಕ್ಕದ ಗೂಟದಲ್ಲಿ ಅದೇ ಅಳತೆಯ ಒಂದು ಟೈರು ತೂಗುತ್ತಿತ್ತು. ಅಂಗಡಿ ಕೊಂಡಾಗ ಹಳೆಯ ಮಾಲೀಕರು ಬಿಟ್ಟುಹೋದದ್ದು. ವರ್ಷಗಟ್ಟಲೆ ಬಿಸಿಲು ತಿಂದಿತ್ತು. ಒಳಗೆ ಒಯ್ದು ಉಗುರು ಒತ್ತಿದೆ, ಉಗುರಿನ ಗುರುತು ಕೂಡ ಮೂಡಲಿಲ್ಲ. ಗೆರೆಗಳ ಬುಡದಲ್ಲಿ ಕೂದಲಿನಂಥ ಸೀಳುಗಳಿದ್ದವು. ಕಪ್ಪು ಪಾಲಿಶ್ ಹಚ್ಚಿ ಒರೆಸಿದೆ. ಹೊರಗೆ ತಂದಾಗ ಫಳಫಳ ಹೊಳೆಯಿತು. "ಹೊಸದು ತಾನೇ?" ಎಂದು ನೀವು ಕೇಳಿದಿರಿ. "ಒಂದು ಸಲವೂ ರಸ್ತೆ ಕಂಡಿಲ್ಲ ಭಾವ" ಎಂದೆ. ಅದು ಸುಳ್ಳಲ್ಲ ಎಂದು ಎಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಅದಕ್ಕೆ ದುಡ್ಡು ತೆಗೆದುಕೊಳ್ಳಲು ಕೈ ಬರಲಿಲ್ಲ. ಅದನ್ನು ನೀವು ನನ್ನ ದೊಡ್ಡ ಮನಸ್ಸು ಎಂದುಕೊಂಡಿರಿ.

ಬಿದ್ದ ಸುದ್ದಿ ಬಂದಾಗ ನಾನು ಮೊದಲು ಆಸ್ಪತ್ರೆಗೆ ಬರಲಿಲ್ಲ. ಬೈಕು ಬಿದ್ದಿದ್ದ ಜಾಗಕ್ಕೆ ಹೋದೆ. ನಿಮ್ಮನ್ನು ನೋಡುವ ಮೊದಲು ಟೈರನ್ನು ನೋಡಿದೆ. ಬೈಕನ್ನು ಗಾಡಿಗೆ ಹಾಕಿಸಿ ಅಂಗಡಿಗೆ ತಂದು, ಶಟರ್ ಎಳೆದುಕೊಂಡು, ಆ ಟೈರನ್ನು ತುಂಡು ತುಂಡು ಮಾಡಿ ಚೀಲಕ್ಕೆ ತುಂಬಿ ಗುಜರಿಗೆ ಕಳಿಸಿದೆ. ಕೈಗೆ ಹತ್ತಿದ ಕಪ್ಪು ತೊಳೆದುಕೊಂಡು ಆಮೇಲೆ ಬಂದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ, ದೊಡ್ಡಪ್ಪ, ನಿಮ್ಮ ಪಕ್ಕದ ಮನೆಯ ಟೈಲರು, ಉಗ್ರಾಣದ ಮ್ಯಾನೇಜರು ಎಲ್ಲ ಇದ್ದರು. ಹೇಗಾಯ್ತು ಎಂದು ಎಲ್ಲರೂ ನನ್ನ ಮುಖ ನೋಡಿದರು, ತಿಳಿದವನು ನಾನು ಎಂದು. "ಟೈರು ಹೊಸದು. ಇನ್ನೇನು, ಸ್ಪೀಡೇ ಇರ್ಬೇಕು" ಎಂದೆ. ಆ ಮಾತು ಮೊದಲು ಹುಟ್ಟಿದ್ದು ನನ್ನ ಬಾಯಲ್ಲಿ. ಆಮೇಲೆ ಒಳಗೆ ಬಂದು ನಿಮಗೂ ಹೇಳಿದೆ, "ಸ್ವಲ್ಪ ನಿಧಾನ ಹೋಗಬಾರದಿತ್ತಾ ಭಾವ" ಎಂದು. "ಐವತ್ತರಲ್ಲಿದ್ದೆ ಕಣೋ" ಎಂದಿರಿ ನೀವು. ನಾನು ನಿಮ್ಮ ತಲೆಯ ಮೇಲೆ ತೂಗುತ್ತಿದ್ದ ಗ್ಲೂಕೋಸ್ ಬಾಟಲಿಯನ್ನು ನೋಡುತ್ತಾ ನಿಂತೆ.

ನೀವು ಐವತ್ತರಲ್ಲೇ ಇದ್ದಿರಿ ಭಾವ. ಒದ್ದೆ ರಸ್ತೆ, ತಿರುವು, ಹಿಂದೆ ಬಟ್ಟುಗಳ ಭಾರ, ಕೆಳಗೆ ಕಲ್ಲಿನಂಥ ರಬ್ಬರು. ಮೂವತ್ತರಲ್ಲಿದ್ದರೂ ಜಾರುತ್ತಿತ್ತೇನೋ. ನೀವು ಮ್ಯಾನೇಜರಿಗೆ ಕ್ಷಮೆ ಕೇಳಿ ಬರೆದಿರಿ ಎಂದು ಅಕ್ಕ ಬರೆದಿದ್ದಳು. ಆ ಸಾಲು ಓದಿದ ಮೇಲೆ ಅಂಗಡಿಯಲ್ಲಿ ಯಾರ ಮುಖವನ್ನೂ ನೆಟ್ಟಗೆ ನೋಡಲಾಗುತ್ತಿಲ್ಲ.

ಕ್ಷಮಿಸಿ ಎಂದು ಬರೆಯುವ ಯೋಗ್ಯತೆ ನನಗಿಲ್ಲ. ನಡೆದದ್ದು ನಿಮಗೆ ಗೊತ್ತಿರಲಿ.

ನಿಮ್ಮ ಬಾಮೈದ ಎಂದು ಬರೆಯಲು ನಾಚಿಕೆಯಾಗುತ್ತಿದೆ.


ಏಪ್ರಿಲ್ ೨೧

ಏನೆಂದು ಕರೆಯಲಿ ನಿನ್ನನ್ನು?

ಅವರ ಹೆಸರಿನ ಕಾಗದ ಮೊದಲು ಓದಿದ್ದು ನಾನು. ಆಸ್ಪತ್ರೆಯ ದಿನಗಳಿಂದ ಮನೆಗೆ ಬಂದ ಕಾಗದಗಳನ್ನೆಲ್ಲ ನಾನೇ ಒಡೆಯುವುದು. ಅಡುಗೆಮನೆಯಲ್ಲಿ ನಿಂತೇ ಓದಿದೆ. ಓದಿ, ಮಡಚಿ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ನಾಲ್ಕು ದಿನ ಅಲ್ಲೇ ಇತ್ತು. ಇದನ್ನು ಒಪ್ಪಿಕೊಳ್ಳುವಾಗ ನನ್ನ ಮುಖ ಸುಡುತ್ತದೆ. ಒಡಹುಟ್ಟಿದವನ ಮಾನ ಉಳಿಸಲು ನಾನೂ ನಿನ್ನ ಹಾಗೆ ಮುಚ್ಚಿಟ್ಟೆ. ನಾಲ್ಕೇ ದಿನ ಎಂದು ನನಗೆ ನಾನು ಹೇಳಿಕೊಳ್ಳಬಹುದು. ನಿನ್ನದೂ ಮೊದಲು ನಾಲ್ಕೇ ದಿನ ಆಗಿದ್ದಿರಬೇಕು.

ಐದನೆಯ ದಿನ ಟೈಲರು ಗೇಟಿನ ಹತ್ತಿರ ನಿಂತು "ಏನ್ ರಾಕೆಟ್ ಸಾಹೇಬ್ರೇ, ಮತ್ತೆ ಹಾರೋಕೆ ರೆಡಿನಾ" ಎಂದರು. ಇವರು ನಕ್ಕು ಕೈ ಮುಗಿದರು. ಆ ಕೈ ಮುಗಿದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ತಂದು ಕೈಗೆ ಕೊಟ್ಟೆ.

ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಐವತ್ತು ಅಂತ ನಾನು ಮೊದಲಿನಿಂದಲೂ ಹೇಳ್ತಿದ್ದೆ ಅಲ್ವಾ?" ಎಂದು ಕೇಳಿದರು. ಹೌದು ಎಂದೆ. "ನೀನು ನಂಬಿರಲಿಲ್ಲ ಅಲ್ವಾ?" ಎಂದರು. ಒಂದೂವರೆ ವರ್ಷ, ಬಂದ ನೆಂಟರಿಷ್ಟರ ಮುಂದೆಲ್ಲ ಅವರನ್ನು ಬೈದವಳು ನಾನು. ಇನ್ನು ಜೋರಾಗಿ ಓಡಿಸುವುದಿಲ್ಲ ಎಂದು ಹಾಸಿಗೆಯ ಮೇಲಿದ್ದವರ ಕೈಯಲ್ಲಿ ಆಣೆ ಹಾಕಿಸಿಕೊಂಡವಳು. ಅವರು ಎದ್ದು ಶೆಡ್ಡಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಕತ್ತಲಾಗುವ ಮುಂಚೆ ಹೊರಗೆ ಬಂದರು. ಕಣ್ಣು ಕೆಂಪಗಾಗಿತ್ತು.

ಮಂಡಿ ಹೋದದ್ದು ರಬ್ಬರಿನಿಂದ ಎಂದು ಹೇಗೋ ಸಹಿಸಿಕೊಳ್ಳಬಹುದು. ನನ್ನ ಗಂಡನನ್ನು ನನ್ನ ಬಾಯಿಂದಲೇ ಸುಳ್ಳುಗಾರ ಅನ್ನಿಸಿದೆಯಲ್ಲ, ಅದನ್ನು ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಸದ್ಯಕ್ಕೆ ಫೋನ್ ಮಾಡಬೇಡ. ಮನೆಗೂ ಬರಬೇಡ.

ಅಕ್ಕ


ಮೇ ೫

ನಿನ್ನ ಕಾಗದ ತಲುಪಿತು.

ಬೈಯಬೇಕೆಂದು ಎರಡು ಹಾಳೆ ತುಂಬ ಬರೆದಿದ್ದೆ. ಓದಿ ನೋಡಿದರೆ ಬರೆದದ್ದೆಲ್ಲ ನಿಜವೇ ಇತ್ತು, ಆದರೂ ಹರಿದೆ. ಬೈದರೆ ನಿನಗೆ ಹಗುರಾಗುತ್ತದೆ. ಅಷ್ಟು ಬೇಗ ನಿನ್ನನ್ನು ಹಗುರ ಮಾಡುವ ಮನಸ್ಸು ನನಗಿಲ್ಲ.

ಕಾಲಿನ ವಿಷಯ ಇಲ್ಲಿ ಎತ್ತುವುದಿಲ್ಲ. ಸ್ಟಾಕು ಇಲ್ಲದಾಗ ಹಳೆಯದನ್ನು ಕೊಟ್ಟೆ, ಅದೊಂದು ದಿನದ ತಪ್ಪು. ಆಮೇಲಿನದು ದಿನದಿನದ್ದು. ನಾನು ಏನು ಕೆಲಸ ಮಾಡುವವನು ಎಂದು ನಿನಗೆ ಗೊತ್ತು. ಇದು ಸರಿ, ಇದು ತಪ್ಪು ಎಂದು ತಕ್ಕಡಿಯ ಮುಂದೆ ಕೂತು ಹೇಳುವವನು. ಬೈಕಿನ ಸ್ಪೀಡಿನ ಮುಳ್ಳು ಐವತ್ತಕ್ಕೆ ನಿಂತಿದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಹತ್ತು ಜನ ಅಲ್ಲ ಎಂದರು. ಹತ್ತು ಜನ ಹೇಳಿದ ಮೇಲೆ ನನ್ನ ಕಣ್ಣನ್ನೇ ಅನುಮಾನಿಸಿದೆ. ಈ ಒಂದೂವರೆ ವರ್ಷದಲ್ಲಿ ಯಾವ ತಕ್ಕಡಿ ರಿಪೇರಿ ಮಾಡಿದರೂ ಮುಚ್ಚಳ ಹಾಕಿದ ಮೇಲೆ ಮತ್ತೆ ಬಿಚ್ಚಿ ನೋಡುತ್ತಿದ್ದೆ. ಮೂರು ಸಲ, ನಾಲ್ಕು ಸಲ. ನನಗೆ ಬುದ್ಧಿ ಮಂಕಾಗುತ್ತಿದೆಯೇನೋ ಎಂದು ಹೆದರಿದ್ದೆ. ನಿನ್ನ ಅಕ್ಕನಿಗೆ ಹೇಳಿರಲಿಲ್ಲ. ಕಾಲು ಮುರಿದ ನೋವಿಗೆ ಮಾತ್ರೆ ಇತ್ತು.

ನಿನ್ನಿಂದ ನನಗೆ ಬೇಕಾದದ್ದು ಒಂದೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರ ಯಾರ ಮುಂದೆ ಆ ಮಾತು ಆಡಿದೆಯೋ, ಅವರ ಮುಂದೆಯೇ ನಿಂತು ಅದನ್ನು ವಾಪಸು ತೆಗೆದುಕೊಳ್ಳಬೇಕು. ದೊಡ್ಡಪ್ಪ, ಟೈಲರು, ಮ್ಯಾನೇಜರು. ಕಾಗದದಲ್ಲಿ ಆಗದು, ಫೋನಿನಲ್ಲೂ ಆಗದು. ಮುಖ ತೋರಿಸಿ ಹೇಳಬೇಕು.

ಟೈರಿನ ವಿಷಯ: ನೀನು ಹೇಳಿದ ಮೂರನೆಯ ಜಾತಿಯದನ್ನೇ ಆರಿಸಿದ್ದೇನೆ. ಸಲಹೆ ಸರಿಯಾಗಿತ್ತು. ಬೇರೆ ಅಂಗಡಿಯಲ್ಲಿ ಹಾಕಿಸುತ್ತೇನೆ.

ನಿನ್ನ ಭಾವ


ಜೂನ್ ೩

ಭಾವ,

ಮೂರು ಕಡೆಯೂ ಹೋಗಿ ಬಂದೆ. ಹೇಗಾಯಿತು ಎಂದು ತಿಳಿಸುವುದು ನನ್ನ ಕೆಲಸ ಎಂದುಕೊಂಡು ಬರೆಯುತ್ತಿದ್ದೇನೆ.

ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು. ಟೀ ತಂದಿಟ್ಟಿದ್ದರು. ನಾನು ಮುಗಿಸಿದ ಮೇಲೆ ನನ್ನ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ತುಂಬಿದ ಲೋಟ. ಮತ್ತೆ ಹೊರಗೆ ಬರಲಿಲ್ಲ. ನಾನೇ ಬಾಗಿಲು ಎಳೆದುಕೊಂಡು ಬಂದೆ.

ಉಗ್ರಾಣದ ಮ್ಯಾನೇಜರು ಕಚೇರಿಯೊಳಗೆ ಕರೆದರು. ಇಲ್ಲೇ ಹೇಳುತ್ತೇನೆ ಎಂದು ಮೂಟೆ ಹೊರುವವರ ನಡುವೆಯೇ ನಿಂತು ಹೇಳಿದೆ. ಯಾರೋ ನಕ್ಕ ಹಾಗಾಯಿತು, ಯಾರೋ "ಥೂ" ಎಂದರು. ಮ್ಯಾನೇಜರು "ನಿಮ್ಮ ಅಂಗಡಿ ಎಲ್ಲಿದೆ ಸರಿಯಾಗಿ ಹೇಳಿ" ಎಂದರು. ಯಾಕೆ ಎಂದೆ. "ನಮ್ಮ ಡ್ರೈವರ್‌ಗಳಿಗೆ ಅಲ್ಲಿ ಹೋಗ್ಬೇಡಿ ಅಂತ ಹೇಳೋಕೆ" ಎಂದರು. ಬೀದಿ, ತಿರುವು, ಎದುರಿಗಿನ ಔಷಧಿ ಅಂಗಡಿ ಎಲ್ಲ ಹೇಳಿದೆ. ಅವರು ಬರೆದುಕೊಂಡರು. ಆಮೇಲೆ ನಿಮ್ಮ ಕಾಗದವನ್ನು ಫೈಲಿನಿಂದ ತೆಗೆದು "ಇದನ್ನ ನಾನು ಇಟ್ಕೋಬಾರದು" ಎಂದು ಹರಿದು ಹಾಕಿದರು.

ಟೈಲರು ಹೊಲಿಗೆ ನಿಲ್ಲಿಸದೆ ಕೇಳಿದರು. ಅಂಗಿಯ ತೋಳು ಮುಗಿಸಿದರು. ದಾರ ಕಚ್ಚಿ ತುಂಡರಿಸಿ "ನಾನು ಇಷ್ಟು ದಿನ ರಾಕೆಟ್ ರಾಕೆಟ್ ಅಂದಿದ್ದೆಲ್ಲ ಈಗ ಎಲ್ಲಿ ಹಾಕ್ಲಿ, ಹೇಳಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಪಾಪಕ್ಕೆ ಅವರೇಕೆ ನಾಚಬೇಕು? ಎಷ್ಟು ಜನರ ಕೈಗೆ ಕಪ್ಪು ಹಚ್ಚಿದ್ದೇನೆ ಎಂದು ಆಗ ಗೊತ್ತಾಯಿತು.

ಹೊರಗೆ ಬಂದಾಗ ಅಕ್ಕ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ನೋಡಿದಳು. ನಾನು ಗೇಟಿನ ಕಡೆ ಹೆಜ್ಜೆ ಇಡಲಿಲ್ಲ, ಬರಬೇಡ ಎಂದಿದ್ದಳಲ್ಲ. ಅವಳು ಬಕೆಟ್ಟಿನಲ್ಲಿದ್ದ ಉಳಿದ ಬಟ್ಟೆಗಳನ್ನು ಹಾಗೇ ಬಿಟ್ಟು ಒಳಗೆ ಹೋದಳು.

ತಮ್ಮ


ಜುಲೈ ೧

ಉಗ್ರಾಣದವರು ಮತ್ತೆ ಕರೆದಿದ್ದಾರೆ. ದೊಡ್ಡಪ್ಪ ಬಂದು ಹೋದರು. ಟೈಲರು ಈಗ ಗೇಟಿನ ಹತ್ತಿರ ನಿಂತರೆ "ನಮಸ್ಕಾರ" ಎಂದಷ್ಟೇ ಹೇಳಿ ತಲೆ ಬಗ್ಗಿಸುತ್ತಾರೆ. ಅದೂ ಒಂದು ಹಿಂಸೆಯೇ.

ನಿನ್ನೆ ಟೈರು ಹಾಕಿಸಿದೆ. ಗುರುವಾರ ನಿಮ್ಮ ಕಡೆಯ ಎರಡು ಗೋದಾಮುಗಳಿಗೆ ಬರಬೇಕಾಗಿದೆ. ನಿನ್ನ ಬೀದಿಯ ಮೇಲೆಯೇ ದಾರಿ. ನಾನು ನಿಲ್ಲಿಸುವುದಿಲ್ಲ. ನನ್ನನ್ನು ನೋಡಿ ನೀನು ಒಳಗೆ ಓಡಿಹೋಗುವುದು ಬೇಡ ಎಂದು ಮುಂಚೆಯೇ ತಿಳಿಸಿದ್ದೇನೆ.

ಭಾವ


ಜುಲೈ ೬

ಅಕ್ಕ,

ನೀನು ಬರೆಯಬೇಡ ಎಂದಿರಲಿಲ್ಲ, ಫೋನ್ ಮಾಡಬೇಡ ಎಂದಿದ್ದೆ. ಆ ಸಂದಿಯಲ್ಲಿ ನುಸುಳಿ ಬರೆಯುತ್ತಿದ್ದೇನೆ. ಗುರುವಾರ ನಡೆದದ್ದನ್ನು ಭಾವ ತಮ್ಮ ರೀತಿಯಲ್ಲಿ ಹೇಳಿರುತ್ತಾರೆ. ನನ್ನದನ್ನೂ ಓದು.

ಬೆಳಗ್ಗೆ ಹತ್ತರ ಸುಮಾರಿಗೆ ಬಂದರು. ನಾನು ಅಂಗಡಿಯ ಮುಂದೆ ನಿಂತಿದ್ದೆ. ಗಿರಾಕಿಗಳು ಕಡಿಮೆಯಾಗಿರುವುದರಿಂದ ನಿಲ್ಲಲು ಪುರುಸೊತ್ತಿತ್ತು. ನಿಧಾನವಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ಬಂದರು. ಬಲಗಾಲು ಸ್ವಲ್ಪ ಹೊರಗೆ ಚಾಚಿತ್ತು. ನನ್ನ ಕಡೆ ತಿರುಗಲಿಲ್ಲ. ನಾನು ತಲೆ ಬಗ್ಗಿಸಿದೆ, ಹಾಗಾಗಿ ಕಣ್ಣು ನೇರವಾಗಿ ಚಕ್ರದ ಮೇಲೆ ಹೋಯಿತು. ಹಿಂದಿನ ಟೈರು ಉಲ್ಟಾ ಕೂತಿತ್ತು.

ಆ ಜಾತಿಯ ಟೈರು ಯಾವ ಕಡೆಗೆ ತಿರುಗಬೇಕು ಎಂದು ಪಕ್ಕದಲ್ಲಿ ಒಂದು ಬಾಣ ಒತ್ತಿರುತ್ತಾರೆ ಅಕ್ಕ. ಹಾಕಿದವರು ಅದನ್ನು ನೋಡಿಲ್ಲ. ಒಣ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಒದ್ದೆಯಲ್ಲಿ ಗೆರೆಗಳು ನೀರನ್ನು ಹೊರಗೆ ತಳ್ಳಬೇಕಾದ ಹಾಗೆ ತಳ್ಳುವುದಿಲ್ಲ. ಮೋಡ ಕಟ್ಟಿತ್ತು.

ಆಗ ನನಗೆ ಏನನ್ನಿಸಿತು ಎಂದು ನಿಜ ಹೇಳುತ್ತೇನೆ. ಕೂಗಿದರೆ ಏನೆಂದುಕೊಳ್ಳುತ್ತಾರೆ? ಬೇರೆಯವರ ಕೆಲಸದಲ್ಲಿ ಹುಳುಕು ಹುಡುಕಿ ಒಳ್ಳೆಯವನಾಗಲು ಬಂದ ಎಂದುಕೊಳ್ಳುತ್ತಾರೆ. ಇವನ ಬಾಯಲ್ಲಿ ಟೈರಿನ ಮಾತೇ ಎಂದು ಉಗಿಯುತ್ತಾರೆ. ಇಷ್ಟು ಯೋಚಿಸುವಷ್ಟರಲ್ಲಿ ಬೈಕು ಔಷಧಿ ಅಂಗಡಿ ದಾಟಿತ್ತು. ಓಡಿದೆ. ಚಪ್ಪಲಿ ಎಲ್ಲೋ ಕಳಚಿತು. "ಭಾವಾ, ನಿಲ್ಸಿ! ಭಾವಾ!" ಎಂದು ಇಡೀ ಬೀದಿ ತಿರುಗಿ ನೋಡುವ ಹಾಗೆ ಅರಚಿದೆ.

ತಿರುವಿನಲ್ಲಿ ನಿಲ್ಲಿಸಿದರು. ಹೆಲ್ಮೆಟ್ ತೆಗೆಯಲಿಲ್ಲ.

"ಏನಿದು ನಾಟಕ? ನಿಲ್ಸಲ್ಲ ಅಂತ ಬರೆದಿದ್ನಲ್ಲ."

"ಹಿಂದಿನ ಟೈರು ಉಲ್ಟಾ ಹಾಕಿದ್ದಾರೆ ಭಾವ."

"ಹೊಸ ಟೈರು ಕಣಯ್ಯಾ. ನಾಲ್ಕು ಅಂಕಿ ನಾನೇ ಓದಿ ತಗೊಂಡಿದ್ದು."

"ಟೈರು ಚೆನ್ನಾಗೇ ಇದೆ. ಬಾಣ ನೋಡಿ. ನನ್ನ ಮಾತು ನಂಬಬೇಡಿ, ನೀವೇ ನೋಡಿ."

ಇಳಿದರು. ಬಗ್ಗಲು ಮಂಡಿ ಬಿಡಲಿಲ್ಲ. ಬೈಕನ್ನು ಹಿಡಿದುಕೊಂಡು ಒಂದು ಕಡೆಗೆ ವಾಲಿ ನೋಡಿದರು. ಬೆರಳಿನಿಂದ ಧೂಳು ಒರೆಸಿ ಮತ್ತೆ ನೋಡಿದರು. ಎಷ್ಟು ಹೊತ್ತು ನೋಡಿದರು ಅಕ್ಕ! ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೊನೆಗೆ ಬೈಕನ್ನು ತಿರುಗಿಸಿ ತಳ್ಳಿಕೊಂಡು ಅಂಗಡಿಯ ಕಡೆ ನಡೆದರು. ನಾನು ಹಿಂದಿನಿಂದ ಕೈ ಹಾಕಲು ಹೋದೆ. "ಬೇಡ" ಎಂದರು. ಕುಂಟುತ್ತಾ ತಾವೇ ತಳ್ಳಿದರು. ನಾನು ಬರಿಗಾಲಲ್ಲಿ ಪಕ್ಕದಲ್ಲಿ ನಡೆದೆ.

ಒಳಗೆ ಕೂರಲಿಲ್ಲ. ಸ್ಟೂಲು ತಂದಿಟ್ಟೆ, ನೋಡಲೂ ಇಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದರು. ಚಕ್ರ ಬಿಚ್ಚಿದೆ, ಗಾಳಿ ಬಿಟ್ಟೆ, ಟೈರು ಕಳಚಿ ತಿರುಗಿಸಿದೆ. ಹದಿನೈದು ವರ್ಷದಿಂದ ಮಾಡುತ್ತಿರುವ ಕೆಲಸ, ಆದರೂ ಟೈರು ಕಳಚುವ ಕಬ್ಬಿಣದ ಪಟ್ಟಿ ಎರಡು ಸಲ ಜಾರಿತು. ಏನು ಮಾಡುತ್ತಿದ್ದೇನೆ ಎಂದು ಒಂದೊಂದನ್ನೂ ಬಾಯಿಬಿಟ್ಟು ಹೇಳುತ್ತಾ ಹೋದೆ. ದೊಡ್ಡ ನಟ್ಟು ಬಿಗಿಯುವಾಗ ಮಾತ್ರ "ಇನ್ನೊಂದು ಸಲ" ಎಂದರು. ಇನ್ನೊಂದು ಸಲ ಬಿಗಿದೆ.

ಆಯಿತು ಭಾವ, ಎಂದೆ. ಅವರು ಬಂದರು. ಬಲಗಾಲು ಚಾಚಿ, ಗ್ರೀಸು ಮೆತ್ತಿದ ಆ ನೆಲದ ಮೇಲೆ ಕೂತೇಬಿಟ್ಟರು. ಒಗೆದ ಪ್ಯಾಂಟು ಹಾಳಾಯಿತು, ನೀನು ಬೈದಿರುತ್ತೀಯ. ಚಕ್ರವನ್ನು ತಿರುಗಿಸಿ ತಿರುಗಿಸಿ ಎರಡೂ ಪಕ್ಕ ನೋಡಿದರು. ಒಳಗಡೆ ನೆರಳಿತ್ತು, ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಟಾರ್ಚ್ ತಂದು ಹಿಡಿದೆ.

"ಸ್ವಲ್ಪ ಎಡಕ್ಕೆ ಹಿಡಿ" ಎಂದರು.

ಹಿಡಿದೆ. ಅವರಿಗೆ ಸಾಕು ಅನ್ನಿಸುವವರೆಗೂ ಹಿಡಿದುಕೊಂಡು ನಿಂತೆ.

ತಮ್ಮ